ಕುಂಬಾರ ಕಪ್ಪೆಗೆ, ಎಲೆ ಮೇಲಿನ ಹುಳಕ್ಕೆ ಯಾವ ಮೊನೊಪಾಡ್ ತಗೊಳ್ಳಲಿ?

ಕಾನುಮನೆ:
ಎಲ್ಲರಿಗೂ ನಮಸ್ಕಾರ. ನಾನು ಸಿದ್ದಾಪುರದ ಕಡೆಯವಳು, ಶಾಲೆಯಲ್ಲಿ ಪಾಠ ಮಾಡುತ್ತೇನೆ. ರಜೆ ಸಿಕ್ಕಾಗ ಅಡಿಕೆ ತೋಟ, ಮನೆ ಹಿಂದಿನ ಬೆಟ್ಟ, ಕೆಳಗಿನ ಹಳ್ಳ ಸುತ್ತಿ ಹುಳ, ಜೇಡ, ಕಪ್ಪೆಗಳ ಫೋಟೊ ತೆಗೆಯುತ್ತೇನೆ. ಕ್ಯಾಮೆರಾ ಎಪಿಎಸ್-ಸಿ ಸೆನ್ಸರಿನದು, ಅಂದರೆ ಚಿತ್ರ ಹಿಡಿಯುವ ಫಲಕ ಸ್ವಲ್ಪ ಚಿಕ್ಕದು. ಹೋದ ವರ್ಷ ಚಿಕ್ಕ ಜೀವಿಗಳನ್ನು ತೀರಾ ಹತ್ತಿರದಿಂದ ತೆಗೆಯುವ 90 ಎಂಎಂ ಮ್ಯಾಕ್ರೊ ಲೆನ್ಸ್ ತಗೊಂಡೆ, ಹಳೇ ಮಾದರಿ. ಅದರಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇಲ್ಲ.

ಹತ್ತು ಫೋಟೊ ತೆಗೆದರೆ ಎಂಟು ಮಸುಕಾಗುತ್ತವೆ. ಟ್ರೈಪಾಡ್ ಇದೆ. ಆದರೆ ಬಸಿಗಾಲುವೆಯ ಅಂಚಿನಲ್ಲಿ ಮೂರು ಕಾಲು ಬಿಡಿಸಿ ಹೊಂದಿಸುವಷ್ಟರಲ್ಲಿ ಚಿಟ್ಟೆ ಪಕ್ಕದ ತೋಟಕ್ಕೆ ಹೋಗಿರುತ್ತದೆ. ಒಂದು ಕಾಲು ಗಿಡಕ್ಕೆ ತಾಗಿದರೆ ಸಾಕು, ಜೇಡ ಎಲೆ ಬಿಟ್ಟು ಕೆಳಗೆ ಇಳಿದುಬಿಡುತ್ತದೆ. ಕೈಯಲ್ಲೇ ಹಿಡಿದು ತೆಗೆಯೋಣ ಎಂದರೆ ಬಲ ಮಣಿಕಟ್ಟು ನೋಯುತ್ತದೆ. ಅರ್ಧ ಗಂಟೆ ಆದಮೇಲೆ ಕೈ ನಡುಗುತ್ತದೆ.

ಈ ಮಳೆಗಾಲಕ್ಕೆ ಒಂದು ಆಸೆ ಇಟ್ಟುಕೊಂಡಿದ್ದೇನೆ. ಕುಂಬಾರ ಕಪ್ಪೆ. ನಮ್ಮ ತಾಲೂಕಿನ ಕತ್ತಲೆಕಾನು ಕಾಡಿನಲ್ಲಿ ನೋಡಿ, 2014ರಲ್ಲಿ ಹೊಸ ಪ್ರಭೇದ ಎಂದು ಹೆಸರಿಟ್ಟರಲ್ವಾ, ಅದೇ. ನೀರಿನ ಮೇಲೆ ಚಾಚಿದ ಕಡ್ಡಿಗೆ ಮೊಟ್ಟೆ ಅಂಟಿರುತ್ತದೆ. ಗಂಡು ಕಪ್ಪೆ ಹಿಂಗಾಲ ಮೇಲೆ ನಿಂತು, ಹಳ್ಳದ ಕೆಸರನ್ನು ಮುಂಗಾಲಲ್ಲಿ ತಂದು ಅದಕ್ಕೆ ಮೆತ್ತುತ್ತದೆ. ನಮ್ಮ ಹಳ್ಳದಲ್ಲಿ ಕಳೆದ ಮಳೆಗಾಲ ಎರಡು ಸಲ ಈ ಕಪ್ಪೆ ಕಂಡಿದ್ದೇನೆ. ಮೆತ್ತುವುದನ್ನು ಫೋಟೊದಲ್ಲಿ ಹಿಡಿದು ನಮ್ಮ ಮಕ್ಕಳಿಗೆ ತೋರಿಸಬೇಕು. ಅವರ ಊರಿನ ಪ್ರಾಣಿ ಅದು, ಅವರಿಗೇ ಗೊತ್ತಿಲ್ಲ.

ಮೊನೊಪಾಡ್, ಅಂದರೆ ಒಂದೇ ಕಾಲಿನ ಕ್ಯಾಮೆರಾ ಕೋಲು ತಗೊಂಡರೆ ಅನುಕೂಲ ಆಗುತ್ತದಾ? 6,000 ರೂಪಾಯಿ ತನಕ ಹಾಕಬಹುದು. ಯಾವುದನ್ನು ನೋಡಲಿ?

ಜಂಬಿಟ್ಟಿಗೆ:
ಟೀಚರ್, ನಮಸ್ಕಾರ. ಉಡುಪಿ ಕಡೆಯಿಂದ ಬರೆಯುತ್ತಿದ್ದೇನೆ. ಮೊನೊಪಾಡ್ ಹೆಸರು ಹೇಳುವ ಮೊದಲು ಒಂದು ಕೆಲಸ ಮಾಡಿ. ಮಸುಕಾದ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಪೂರ್ತಿ ದೊಡ್ಡದು ಮಾಡಿ ನೋಡಿ. ಮಸುಕಿನಲ್ಲಿ ಎರಡು ಬಗೆ ಇದೆ.

ಹುಳದ ಕಣ್ಣು ಮಸುಕು, ಆದರೆ ಮೀಸೆಯ ತುದಿಯೋ ಎಲೆಯ ಒಂದು ನರವೋ ಚೂಪಾಗಿದೆ ಅಂದರೆ ಕೈ ನಡುಗಿದ್ದಲ್ಲ. ಫೋಕಸ್ ಜಾಗ ತಪ್ಪಿದೆ. ನೀವು ಗುಂಡಿ ಒತ್ತುವ ಹೊತ್ತಿಗೆ ಮೈ ಹಿಂದಕ್ಕೋ ಮುಂದಕ್ಕೋ ಓಲಿದೆ. ಹಾಗಲ್ಲದೆ ಚಿತ್ರದಲ್ಲಿ ಎಲ್ಲೂ ಚೂಪಿಲ್ಲ, ಸಣ್ಣ ಹೊಳಪಿನ ಚುಕ್ಕೆಗಳೆಲ್ಲ ಒಂದೇ ದಿಕ್ಕಿಗೆ ಗೀಟು ಎಳೆದ ಹಾಗಿವೆ ಅಂದರೆ ಅದು ಅಲುಗಾಟ. ಎರಡಕ್ಕೂ ಮದ್ದು ಬೇರೆ. ಎಣಿಸಿ ನೋಡಿ ಹೇಳಿ.

ಕಾನುಮನೆ:
ಎಣಿಸಿದೆ ಸರ್. ಕಳೆದ ವಾರದ 40 ಮಸುಕು ಚಿತ್ರಗಳಲ್ಲಿ 27ರಲ್ಲಿ ಬೇರೆ ಎಲ್ಲೋ ಚೂಪಾಗಿದೆ. 9ರಲ್ಲಿ ಗೀಟು. ನಾಲ್ಕು ಗಾಳಿಗೆ ಎಲೆ ಅಲುಗಿದ್ದು ಅನ್ನಿಸುತ್ತದೆ. ಇಷ್ಟು ದಿನ ಎಲ್ಲಾ ಕೈ ನಡುಕ ಅಂತಲೇ ಅಂದುಕೊಂಡಿದ್ದೆ.

ಜಂಬಿಟ್ಟಿಗೆ:
ತುಂಬಾ ಜನರಿಗೆ ಹೀಗೇ ಆಗುತ್ತದೆ. ಈಗ ಲೆಕ್ಕ ನೋಡೋಣ. ನಿಮ್ಮ ಸೆನ್ಸರಿನಲ್ಲಿ, ಜೀವಿಯ ಗಾತ್ರ ಸೆನ್ಸರ್ ಮೇಲೂ ಅಷ್ಟೇ ಬೀಳುವಷ್ಟು ಹತ್ತಿರ ಹೋದಾಗ, ಲೆನ್ಸಿನ ಕಿಂಡಿ ಎಫ್ 8ಕ್ಕೆ ಇಟ್ಟರೆ ಚೂಪಾಗಿ ಕಾಣುವ ಪದರ ಸುಮಾರು 0.6 ಮಿಲಿಮೀಟರ್. ಕಿಂಡಿ ಇನ್ನೂ ಕಿರಿದು ಮಾಡಿ ಎಫ್ 11ಕ್ಕೆ ಹೋದರೂ 0.9 ಮುಟ್ಟುವುದಿಲ್ಲ. ಒಂದು ಸಾಸಿವೆ ಕಾಳಿಗಿಂತ ತೆಳು.

ಮೊನೊಪಾಡ್ ಏನು ಮಾಡುತ್ತದೆ? ಮೇಲೆ-ಕೆಳಗೆ ಅಲುಗುವುದನ್ನು ಬಹುಪಾಲು ನಿಲ್ಲಿಸುತ್ತದೆ. ಕ್ಯಾಮೆರಾ ತೂಕ ಹೊರುತ್ತದೆ. ಆದರೆ ಹಿಂದೆ-ಮುಂದೆ ಓಲುವುದನ್ನು ನಿಲ್ಲಿಸುವುದಿಲ್ಲ. ಒಂದು ಮೀಟರ್ ಉದ್ದದ ಕೋಲು ನೆಲದ ಮೇಲೆ ಬರೀ ಒಂದು ಡಿಗ್ರಿ ವಾಲಿದರೆ ಮೇಲ್ತುದಿ 17 ಮಿಲಿಮೀಟರ್ ಸರಿಯುತ್ತದೆ. ನಿಮಗೆ ಸಿಕ್ಕಿರುವುದು ಒಂದು ಮಿಲಿಮೀಟರಿಗೂ ಕಡಿಮೆ. ಹಾಗಾಗಿ ಮೊನೊಪಾಡ್ ಬಂತು ಅಂದ ಕೂಡಲೇ ಆ 27 ಚಿತ್ರ ಸರಿಯಾಗುವುದಿಲ್ಲ. 9 ಚಿತ್ರ ಸರಿಯಾಗುತ್ತವೆ. ಮಣಿಕಟ್ಟು ಉಳಿಯುತ್ತದೆ.

ಉಳಿದ 27ಕ್ಕೆ ಅದೇ ಓಲಾಟವನ್ನು ಬಳಸಿಕೊಳ್ಳಬೇಕು. ನಾನು ಮಾಡುವುದು ಹೀಗೆ. ಆಟೊಫೋಕಸ್ ಬಂದ್ ಮಾಡುತ್ತೇನೆ. ಹುಳ ಎಷ್ಟು ದೊಡ್ಡದು ಕಾಣಬೇಕೋ ಅಷ್ಟಕ್ಕೆ ಫೋಕಸ್ ರಿಂಗ್ ತಿರುಗಿಸಿ ಬಿಟ್ಟುಬಿಡುತ್ತೇನೆ. ಕೋಲಿನ ತುದಿಯನ್ನು ನನ್ನ ಎರಡು ಕಾಲಿಗಿಂತ ಮುಂದೆ ಊರಿ, ಮೇಲ್ತುದಿಯನ್ನು ನನ್ನ ಕಡೆಗೆ ಸ್ವಲ್ಪ ವಾಲಿಸುತ್ತೇನೆ. ನನ್ನ ಎರಡು ಕಾಲು, ಕೋಲು, ಒಟ್ಟು ಮೂರು ಕಾಲಾಯಿತು. ಕ್ಯಾಮೆರಾ ಹುಬ್ಬಿಗೆ ಒತ್ತಿಕೊಂಡಿರಬೇಕು. ಆಮೇಲೆ ಮೈಯನ್ನು ಬಹಳ ನಿಧಾನ ಮುಂದಕ್ಕೆ ತರುತ್ತೇನೆ. ಕಣ್ಣು ಚೂಪಾಗುವ ಸ್ವಲ್ಪ ಮುಂಚೆ ಗುಂಡಿ ಒತ್ತಿ ಹಿಡಿದು, ದಾಟುವವರೆಗೂ ಐದಾರು ಚಿತ್ರ ಸಾಲಾಗಿ ತೆಗೆಯುತ್ತೇನೆ. ಅದರಲ್ಲಿ ಒಂದು ಸಿಗುತ್ತದೆ. ಕೈಯಲ್ಲಿ ಬರಿದೇ ಹಿಡಿದರೆ ನಾಲ್ಕು ದಿಕ್ಕಿಗೂ ಓಲುತ್ತದೆ. ಕೋಲಿದ್ದರೆ ನಾವು ಗಮನ ಕೊಡಬೇಕಾದ್ದು ಒಂದೇ ದಿಕ್ಕು. ನನಗೆ ಮೊನೊಪಾಡಿನಿಂದ ಆದ ಉಪಕಾರ ಇದು.

ಮಂಜಿನಹನಿ:
ನಾನು ಮೂಡಿಗೆರೆಯವನು. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅಣಬೆ, ಪಾಚಿ, ಆರ್ಕಿಡ್ ತೆಗೆಯುವವರಿಗೆ ಮೊನೊಪಾಡ್ ಬೇಡ. ಮಳೆಗಾಲದ ಶೋಲಾ ಕಾಡಿನ ಒಳಗೆ ಮಧ್ಯಾಹ್ನವೂ ಕತ್ತಲೆ. ಸೆಕೆಂಡಿನ ಕಾಲು ಭಾಗ, ಅರ್ಧ ಭಾಗ ಷಟರ್ ತೆರೆದಿರಬೇಕಾಗುತ್ತದೆ. ರಾತ್ರಿ ಹೊಳೆಯುವ ಅಣಬೆಗಂತೂ ಎಷ್ಟೋ ಸೆಕೆಂಡು ಬೇಕು. ಅಲ್ಲಿ ಟ್ರೈಪಾಡೇ ಬೇಕು, ಬೇರೆ ದಾರಿ ಇಲ್ಲ. ಟೀಚರ್ ಹತ್ತಿರ ಟ್ರೈಪಾಡ್ ಇದೆ. ಅದರ ನಡುಕೋಲು ತೆಗೆದು ಕಾಲುಗಳನ್ನು ಅಗಲಿಸಿ ನೆಲಕ್ಕೆ ಇಳಿಸುವುದು ಕಲಿತರೆ ಅರ್ಧ ಕೆಲಸ ಆಯಿತು. ಇರುವುದನ್ನು ಬಿಟ್ಟು ಇನ್ನೊಂದಕ್ಕೆ ದುಡ್ಡು ಹಾಕುವುದು ಯಾಕೆ?

ಜಂಬಿಟ್ಟಿಗೆ:
ಅಣಬೆ ಓಡಿಹೋಗುವುದಿಲ್ಲವಲ್ಲ ಸರ್. ಅದಕ್ಕೆ ಟ್ರೈಪಾಡೇ ಸರಿ, ನಾನೂ ಒಪ್ಪುತ್ತೇನೆ. ಟೀಚರ್ ಕೇಳಿದ್ದು ಜೇಡ, ಚಿಟ್ಟೆ, ಕಪ್ಪೆಗೆ.

ಬಯಲುಸೀಮೆ ಓತಿ:
ಚಿತ್ರದುರ್ಗದ ಕಡೆಯವನು ನಾನು. ಟೀಚರ್, ಮೊದಲು ದುಡ್ಡು ಖರ್ಚು ಮಾಡಬೇಡಿ. ಒಂದು ಬಿದಿರ ಕೋಲು ತಗೊಳ್ಳಿ. ಹೆಬ್ಬೆರಳು ದಪ್ಪ, ನಿಮ್ಮ ಭುಜದಷ್ಟು ಉದ್ದ. ನಿಮ್ಮ ಮಲೆನಾಡಲ್ಲಿ ಬಿದಿರಿಗೆ ಬರವಿಲ್ಲ.

ಇದಕ್ಕೆ ಸ್ಕ್ರೂ ಬೇಡ, ಕ್ಯಾಮೆರಾ ಬಗ್ಗಿಸುವ ಹೆಡ್ ಬೇಡ. ಕೋಲು ನೆಲಕ್ಕೆ ಊರಿ. ಎಡಗೈಯಲ್ಲಿ ಕೋಲನ್ನೂ ಲೆನ್ಸನ್ನೂ ಒಟ್ಟಿಗೆ ಹಿಡಿಯಿರಿ. ಕೋಲು ಬೆರಳುಗಳ ಒಳಗೆ, ಲೆನ್ಸ್ ಹೆಬ್ಬೆರಳಿನ ಬುಡದ ಮೇಲೆ. ಎತ್ತರ ಬದಲಾಯಿಸಬೇಕಾದರೆ ಹಿಡಿತ ಸಡಿಲ ಮಾಡಿ ಕೈ ಜಾರಿಸಿ, ಮತ್ತೆ ಬಿಗಿ ಮಾಡಿ. ಎರಡು ಸೆಕೆಂಡಿನ ಕೆಲಸ. ನೆಲದಿಂದ ಒಂದು ಗೇಣಿನ ಮೇಲಿರುವ ಹುಳವನ್ನೂ ತೆಗೆಯಬಹುದು, ಎದೆಮಟ್ಟದ ಹೂವನ್ನೂ ತೆಗೆಯಬಹುದು. ಅಂಗಡಿಯ ಮೊನೊಪಾಡಿಗೆ ಇದು ಆಗುವುದಿಲ್ಲ. ಅದನ್ನು ಎಷ್ಟು ಮಡಚಿದರೂ ಮೊಳದುದ್ದ ಉಳಿಯುತ್ತದೆ.

ನಾನು ಎಂಟು ವರ್ಷ ಹೀಗೇ ತೆಗೆದೆ. ಜೋಗಿಮಟ್ಟಿ ಕಡೆಯ ಕುರುಚಲಲ್ಲಿ ಕೋಲು ಇದ್ದರೆ ನಡೆಯುವುದಕ್ಕೂ ಅನುಕೂಲ, ಮುಳ್ಳು ಸರಿಸುವುದಕ್ಕೂ ಅನುಕೂಲ. ಕಾಲಿಡುವ ಮೊದಲು ಹುಲ್ಲು ತಟ್ಟಿ ನೋಡುವುದಕ್ಕೂ ಬೇಕು.

ಕಾನುಮನೆ:
ಅಣ್ಣ, ನಾಳೆಯೇ ಮಾಡಿ ನೋಡುತ್ತೇನೆ. ದೋಟಿ ಮಾಡಿ ಉಳಿದ ಬಿದಿರು ಕೊಟ್ಟಿಗೆಯಲ್ಲೇ ಇದೆ.

ಜಂಬಿಟ್ಟಿಗೆ:
ಓತಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೆ ಇನ್ನೊಂದು ಸೇರಿಸುತ್ತೇನೆ. ಗಾಳಿಗೆ ಕಡ್ಡಿ ಅಲುಗುತ್ತಿದ್ದರೆ, ಹುಳ ಕೂತ ಕಡ್ಡಿಯನ್ನೇ ಎಡಗೈಯಲ್ಲಿ ಕೆಳಗಡೆ ಮೆಲ್ಲಗೆ ಹಿಡಿದು, ಲೆನ್ಸನ್ನು ಅದೇ ಕೈ ಮೇಲೆ ಇಡಿ. ಆಗ ಕಡ್ಡಿ, ಕ್ಯಾಮೆರಾ ಎರಡೂ ಒಟ್ಟಿಗೆ ಅಲುಗುತ್ತವೆ. ಅವುಗಳ ನಡುವಿನ ದೂರ ಬದಲಾಗುವುದಿಲ್ಲ. ಮುಂಜಾನೆ ತಂಪಲ್ಲಿ ಹುಳಗಳ ಮೈ ಬಿಸಿಯಾಗಿರುವುದಿಲ್ಲ. ಬೇಗ ಹಾರುವುದಿಲ್ಲ. ಆಗ ಇದು ಚೆನ್ನಾಗಿ ಆಗುತ್ತದೆ. ಚಿಗಳಿ ಇರುವೆ ಗೂಡಿದೆಯಾ, ಕಂಬಳಿಹುಳ ಇದೆಯಾ, ಹಸಿರು ಹಾವು ಸುತ್ತಿಕೊಂಡಿದೆಯಾ ಅಂತ ನೋಡಿಯೇ ಕೈ ಹಾಕಬೇಕು.

ಕಡ್ಡಿಹುಳ:
ಬೆಂಗಳೂರಿನಿಂದ. ಬಿದಿರು ಒಳ್ಳೆಯದು, ಆದರೆ ಟೀಚರಿಗೆ ಮಣಿಕಟ್ಟು ನೋವು ಇದೆ. ಬಿದಿರ ಕೋಲಿನಲ್ಲಿ ಕ್ಯಾಮೆರಾ ತೂಕ ಎಲ್ಲಾ ಎಡಗೈ ಹಿಡಿತದ ಮೇಲೇ ನಿಲ್ಲುತ್ತದೆ. ಮೊನೊಪಾಡಿನಲ್ಲಿ ತೂಕ ಕೋಲಿನ ಮೇಲೆ. ರಾತ್ರಿ ಒಂದೂವರೆ ಗಂಟೆ ಹಳ್ಳದಲ್ಲಿ ಕಾಯಬೇಕಾದರೆ ಅದು ದೊಡ್ಡ ವ್ಯತ್ಯಾಸ. ಹಾಗಾಗಿ ತಗೊಳ್ಳಿ ಅಂತಲೇ ನಾನು ಹೇಳುತ್ತೇನೆ. ಆದರೆ ಹಕ್ಕಿ ಫೋಟೊ ತೆಗೆಯುವವರು ನೋಡುವ ಹಾಗೆ ನೋಡಿ ತಗೊಳ್ಳಬೇಡಿ.

ಅವರಿಗೆ ದೊಡ್ಡ ಲೆನ್ಸ್, ನಿಂತು ತೆಗೆಯಬೇಕು. ಅದಕ್ಕೆ ಎಷ್ಟು ಎತ್ತರ ಏಳುತ್ತದೆ, ಎಷ್ಟು ಕೆಜಿ ಹೊರುತ್ತದೆ ಎಂದು ಕೇಳುತ್ತಾರೆ. ನಮಗೆ ಇವೆರಡೂ ಮುಖ್ಯ ಅಲ್ಲ. ನಾವು ಮಂಡಿಯೂರಿಯೋ ಕುಕ್ಕರಗಾಲಲ್ಲಿ ಕೂತೋ ತೆಗೆಯುವುದು ಜಾಸ್ತಿ. 140 ಸೆಂಟಿಮೀಟರ್ ಎದ್ದರೆ ಧಾರಾಳ. ನಿಮ್ಮ ಕ್ಯಾಮೆರಾ, ಲೆನ್ಸ್, ಫ್ಲ್ಯಾಶ್ ಎಲ್ಲಾ ಸೇರಿ ಎರಡು ಕೆಜಿ ದಾಟುವುದಿಲ್ಲ. ನೀವು ಅಂಗಡಿಯಲ್ಲಿ ಕೇಳಬೇಕಾದ್ದು, ಪೂರ್ತಿ ಮಡಚಿದಾಗ ಎಷ್ಟು ಉದ್ದ ಅಂತ. ಯಾಕೆಂದರೆ ಅದೇ ನಿಮ್ಮ ಅತಿ ಕಡಿಮೆ ಎತ್ತರ. ನಾಲ್ಕು ತುಂಡಿನದು ಮಡಚಿದರೆ 50 ಸೆಂಟಿಮೀಟರ್ ಆಸುಪಾಸು ಇರುತ್ತದೆ. ಐದು, ಆರು ತುಂಡಿನದು 40ರ ಹತ್ತಿರ ಬರುತ್ತದೆ. ಇದರ ಮೇಲೆ ಹೆಡ್ಡಿನ ಎತ್ತರ ಸೇರುತ್ತದೆ. ತುಂಡು ಹೆಚ್ಚಾದಷ್ಟೂ ಕೊನೆಯ ತುಂಡು ಸಣಕಲಾಗಿ ಬಳುಕುತ್ತದೆ. ಆದರೆ ನಾವು ಆ ಕೊನೆಯ ತುಂಡನ್ನು ಎಳೆಯುವುದೇ ಅಪರೂಪ.

ಬೀಗದ ವಿಚಾರ. ತಿರುಗಿಸುವ ಬೀಗ, ಮಡಚುವ ಕ್ಲಿಪ್ ಬೀಗ ಅಂತ ಎರಡು ಬಗೆ. ತಿರುಗಿಸುವುದು ನಯವಾಗಿರುತ್ತದೆ, ಗಿಡಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಆದರೆ ಮರಳು ಹೊಕ್ಕರೆ ಕರಕರ ಅನ್ನುತ್ತದೆ. ಬಿಚ್ಚಿ ತೊಳೆಯಬೇಕು. ಕ್ಲಿಪ್ ಬೀಗ ಒದ್ದೆ ಕೈಯಲ್ಲೂ ಕತ್ತಲಲ್ಲೂ ಬೇಗ ಆಗುತ್ತದೆ. ಮುಚ್ಚಿದೆಯೋ ಇಲ್ಲವೋ ಬೆರಳಿಗೇ ಗೊತ್ತಾಗುತ್ತದೆ. ಮಣಿಕಟ್ಟು ನೋವಿರುವವರಿಗೆ ನಾನು ಕ್ಲಿಪ್ ಬೀಗವನ್ನೇ ಹೇಳುತ್ತೇನೆ. ಬಿಗಿಯಾದ ಬೀಗ ತಿರುಗಿಸುವುದು ಆ ಕೈಗೆ ಒಳ್ಳೆಯದಲ್ಲ.

ಕಾರ್ಬನ್ ಬೇಕಾ ಅಲ್ಯುಮಿನಿಯಂ ಬೇಕಾ ಅಂದರೆ, ಒಂದೇ ಕಾಲಿನ ಕೋಲಿನಲ್ಲಿ ಉಳಿಯುವ ತೂಕ ಸ್ವಲ್ಪವೇ. ಅಲ್ಯುಮಿನಿಯಂ ಸಾಕು. ಉಳಿದ ದುಡ್ಡನ್ನು ಹೆಡ್ಡಿಗೆ ಹಾಕಿ.

ಹೊಸ ಲೆನ್ಸು:
ನಾನೂ ಕಲಿಯುತ್ತಿದ್ದೇನೆ. ಮೊನೊಪಾಡಿಗೆ ಹೆಡ್ ಬೇಕೇ ಬೇಕಾ? ಸುಮ್ನೆ ಕ್ಯಾಮೆರಾ ಅಡಿಗೆ ತಿರುಗಿಸಿ ಕೂರಿಸಿದರೆ ಆಗುವುದಿಲ್ಲವಾ?

ಕಡ್ಡಿಹುಳ:
ಎದುರಿಗೆ ನೇರ ನೋಡಿ ತೆಗೆಯುವುದಾದರೆ ಆಗುತ್ತದೆ. ಮ್ಯಾಕ್ರೊದಲ್ಲಿ ನಾವು ಹೆಚ್ಚಾಗಿ ಕೆಳಗೆ ಬಗ್ಗಿ ನೋಡುತ್ತೇವೆ. ಹೆಡ್ ಇಲ್ಲದೆ ಕ್ಯಾಮೆರಾ ಬಗ್ಗಿಸಬೇಕಾದರೆ ಕೋಲನ್ನೇ ಬಗ್ಗಿಸಬೇಕು. ಆಗ ಕೋಲು ತೂಕ ಹೊರುವುದಿಲ್ಲ, ನಿಮ್ಮ ಕೈ ಹೊರುತ್ತದೆ.

ಎರಡು ಆಯ್ಕೆ ಇವೆ. ಒಂದು, ಟಿಲ್ಟ್ ಹೆಡ್. ಮುಂದೆ-ಹಿಂದೆ ಮಾತ್ರ ಬಾಗುತ್ತದೆ. ಮ್ಯಾನ್‌ಫ್ರಾಟೊ 234 ಹಳೇ ಕಾಲದಿಂದ ಇದೆ, ಸರಳ, ಗಟ್ಟಿ. ಇನ್ನೊಂದು, ಸಣ್ಣ ಬಾಲ್ ಹೆಡ್. ಎಲ್ಲಾ ಕಡೆಗೂ ಬಾಗುತ್ತದೆ. ಹಕ್ಕಿಯವರು ಬಾಲ್ ಹೆಡ್ ಬೇಡ ಅನ್ನುತ್ತಾರೆ. ಅವರ ದೊಡ್ಡ ಲೆನ್ಸಿಗೆ ಕಾಲರ್, ಅಂದರೆ ಸುತ್ತ ಹಿಡಿಯುವ ಬಳೆ ಇರುತ್ತದೆ, ಚಿತ್ರ ನಿಲುವಾಗಿ ಬೇಕಾದರೆ ಲೆನ್ಸನ್ನು ಕಾಲರಿನೊಳಗೇ ತಿರುಗಿಸಿದರೆ ಮುಗಿಯಿತು. ಮ್ಯಾಕ್ರೊದಲ್ಲೂ ಸಿಗ್ಮಾ 150, 180 ಎಂಎಂ ತರಹದ ಲೆನ್ಸಿಗೆ ಕಾಲರ್ ಬರುತ್ತದೆ. ಆದರೆ 90, 100, 105ರ ಹೆಚ್ಚಿನವಕ್ಕೆ ಬರುವುದಿಲ್ಲ. ನಿಲುವು ಚಿತ್ರ ತೆಗೆಯಬೇಕಾದರೆ ಕ್ಯಾಮೆರಾವನ್ನೇ ಪಕ್ಕಕ್ಕೆ ಮಲಗಿಸಬೇಕು. ಟಿಲ್ಟ್ ಹೆಡ್ಡಿನಲ್ಲಿ ಮಲಗಿಸಿದರೆ ಆಮೇಲೆ ಕೆಳಗೆ ಬಗ್ಗಿಸಲಾಗುವುದಿಲ್ಲ. ಹಾಗಾಗಿ ಕಾಲರ್ ಇಲ್ಲದ ಲೆನ್ಸಿಗೆ ಸಣ್ಣ ಬಾಲ್ ಹೆಡ್ಡೇ ಒಳ್ಳೆಯದು ಅನ್ನುವುದು ನನ್ನ ಅನುಭವ. ಬಿಗಿತ ಹೊಂದಿಸುವ ಪ್ರತ್ಯೇಕ ಗುಂಡಿ ಇರುವುದನ್ನೇ ತಗೊಳ್ಳಿ. ಇಲ್ಲದಿದ್ದರೆ ಸಡಿಲ ಮಾಡಿದ ತಕ್ಷಣ ಕ್ಯಾಮೆರಾ ದಢಕ್ ಅಂತ ಮುಂದಕ್ಕೆ ಬೀಳುತ್ತದೆ.

ತಗೊಳ್ಳುವಾಗ ತಿರುಪು ನೋಡಿ. ಕೋಲಿನ ಮೇಲಿರುವುದು 1/4 ಇಂಚಿನದಾ 3/8 ಇಂಚಿನದಾ, ಹೆಡ್ಡಿನ ಅಡಿ ಯಾವ ತೂತು ಇದೆ ಅಂತ ಹೊಂದಿಸಿ ನೋಡಬೇಕು. ಹೊಂದದಿದ್ದರೆ ನಡುವೆ ಹಾಕುವ ಸಣ್ಣ ಬುಷ್ ಕ್ಯಾಮೆರಾ ಅಂಗಡಿಯಲ್ಲಿ ಸಿಗುತ್ತದೆ. ಕ್ಯಾಮೆರಾ ಅಡಿಗೆ ಹಾಕಿ ಹೆಡ್ಡಿಗೆ ಕೂರಿಸುವ ಪ್ಲೇಟ್ ಆರ್ಕಾ ಬಗೆಯದ್ದಾಗಿರಲಿ, 38 ಮಿಲಿಮೀಟರ್ ಅಗಲದ್ದು. ನಾಳೆ ಬೇರೆ ಕಂಪನಿಯ ಹೆಡ್ ತಗೊಂಡರೂ ಅದೇ ಪ್ಲೇಟ್ ಕೂರುತ್ತದೆ.

ಮಂಜಿನಹನಿ:
ಈಗ ಒಪ್ಪಿದೆ. ಆದರೆ ಮುಖ್ಯವಾದದ್ದು ಯಾರೂ ಹೇಳಲಿಲ್ಲ. ಕುಂಬಾರ ಕಪ್ಪೆ ರಾತ್ರಿ ತೆಗೆಯುವುದು. ಕತ್ತಲಲ್ಲಿ ಮೊನೊಪಾಡ್ ಇದ್ದರೂ ಬೆಳಕು ಎಲ್ಲಿಂದ ಬರಬೇಕು? ಫ್ಲ್ಯಾಶ್ ಬೇಕು.

ಫ್ಲ್ಯಾಶನ್ನು ಕಡಿಮೆ ಶಕ್ತಿಗೆ ಇಳಿಸಿದರೆ ಅದರ ಮಿಂಚು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಚಿಕ್ಕದು. ಸುತ್ತ ಕತ್ತಲೆ ಇರುವುದರಿಂದ ಆ ಮಿಂಚಿನಷ್ಟೇ ಹೊತ್ತು ಚಿತ್ರ ಮೂಡುತ್ತದೆ. ಅಂದರೆ ಗೀಟಿನ ಮಸುಕು ಹೆಚ್ಚುಕಡಿಮೆ ಫ್ಲ್ಯಾಶಿನಲ್ಲೇ ಹೋಗುತ್ತದೆ. ಒದ್ದೆ ಕಪ್ಪೆಯ ಮೈ ಮೇಲೆ ಬಿಳಿ ಕಲೆ ಬೀಳದ ಹಾಗೆ ಫ್ಲ್ಯಾಶ್ ಮುಂದೆ ಹಾಲುಬಣ್ಣದ ತೆಳು ಪ್ಲಾಸ್ಟಿಕ್ ಹಾಳೆ ಬಾಗಿಸಿ ಕಟ್ಟಿ. ಈ ಹಾಳೆ, ಅಂದರೆ ಡಿಫ್ಯೂಸರ್ ಎಷ್ಟು ಅಗಲವೋ, ಕಪ್ಪೆಗೆ ಎಷ್ಟು ಹತ್ತಿರವೋ, ಬೆಳಕು ಅಷ್ಟು ಮೃದು. ನನ್ನದು ಮನೆಯಲ್ಲೇ ಮಾಡಿದ್ದು.

ಒಂದು ವಿನಂತಿ. ಮಿಂಚಿನ ಮೇಲೆ ಮಿಂಚು ಹೊಡೆಯಬೇಡಿ. ನಾನು ಒಂದು ಕಪ್ಪೆಗೆ ನಾಲ್ಕೈದು ಚಿತ್ರಕ್ಕೆ ನಿಲ್ಲಿಸುತ್ತೇನೆ. ಕೆಸರು ಮೆತ್ತುತ್ತಿರುವ ಕಪ್ಪೆ ಬೆದರಿ ನೀರಿಗೆ ಹಾರಿದರೆ ಮೊಟ್ಟೆ ಹಾಗೇ ಉಳಿಯುತ್ತದೆ.

ಕಾನುಮನೆ:
ಸರ್, ಆ ಮಾತು ಮನಸ್ಸಲ್ಲಿ ಇಟ್ಟುಕೊಳ್ಳುತ್ತೇನೆ. ಫೋಟೊ ಸಿಗದಿದ್ದರೂ ಪರವಾಗಿಲ್ಲ, ಮೊಟ್ಟೆ ಹಾಳಾಗಬಾರದು.

ಹಾಗಾದರೆ ಫ್ಲ್ಯಾಶ್ ಗೀಟಿನ ಮಸುಕು ತೆಗೆಯುತ್ತದೆ, ಮೈ ಓಲಿಸುವುದು ಫೋಕಸ್ ಸರಿ ಮಾಡುತ್ತದೆ. ಮೊನೊಪಾಡ್ ತೂಕಕ್ಕೆ ಮಾತ್ರವಾ?

ಜಂಬಿಟ್ಟಿಗೆ:
ತೂಕಕ್ಕೆ, ಮತ್ತು ಕಾಯುವುದಕ್ಕೆ. ಫ್ಲ್ಯಾಶ್ ಮೇಲೆ ಹಾಕಿದ ಮೇಲೆ ಕ್ಯಾಮೆರಾ ಇನ್ನೂ ಭಾರ. ಅದನ್ನು ಕಣ್ಣಿಗೆ ಹಿಡಿದು ಕಪ್ಪೆ ಯಾವಾಗ ಕೈ ಎತ್ತುತ್ತದೆ ಅಂತ ಹತ್ತು ನಿಮಿಷ ಕಾಯಬೇಕು. ಬರಿಗೈಯಲ್ಲಿ ಆಗುವುದಿಲ್ಲ. ಕೈ ದಣಿದರೆ ಓಲಾಟವೂ ಜಾಸ್ತಿ ಆಗುತ್ತದೆ.

ಹಗಲಲ್ಲಿ ಫ್ಲ್ಯಾಶ್ ಇಲ್ಲದೆ ತೆಗೆಯುವಾಗ ಗೀಟು ತಡೆಯುವುದಕ್ಕೂ ಬೇಕು. ಲೆನ್ಸಿನ ಒಳಗೆ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೂ ಹತ್ತಿರ ಹೋದಷ್ಟು ಅದರ ಬಲ ಕುಗ್ಗುತ್ತದೆ. ಕ್ಯಾನನ್ 100 ಎಂಎಂ ಎಲ್ ಮ್ಯಾಕ್ರೊ 2009ರಲ್ಲಿ ಬಂದಾಗ ಕಂಪನಿಯೇ ಹೇಳಿತ್ತು, ದೂರದ ಚಿತ್ರಕ್ಕೆ 4 ಸ್ಟಾಪ್ ಉಪಯೋಗ, ಪೂರ್ತಿ ಹತ್ತಿರ ಹೋದಾಗ 2 ಸ್ಟಾಪ್ ಅಂತ. ಒಂದೊಂದು ಸ್ಟಾಪಿಗೂ ಷಟರನ್ನು ಎರಡು ಪಟ್ಟು ಹೊತ್ತು ತೆರೆದಿಡಬಹುದು. ನಿಮ್ಮ ಲೆನ್ಸಿನಲ್ಲಿ ಅದೂ ಇಲ್ಲ.

ಇನ್ನು ಎತ್ತರದ ಮಾತು. ಆ ಕಡ್ಡಿ ನೀರಿನಿಂದ ಎಷ್ಟು ಮೇಲಿರುತ್ತದೆ?

ಕಾನುಮನೆ:
ಹೋದ ವರ್ಷ ನೋಡಿದ್ದು ಮಂಡಿಗಿಂತ ಕೆಳಗೆ. ಹಳ್ಳದಲ್ಲಿ ನೀರು ಪಾದ ಮುಳುಗುವಷ್ಟು.

ಕಡ್ಡಿಹುಳ:
ಹಾಗಾದರೆ ಮಡಚಿದ ಕೋಲು, ಅದರ ಮೇಲೆ ಬಾಲ್ ಹೆಡ್, ಅದರ ಮೇಲೆ ಕ್ಯಾಮೆರಾ ಅಂದರೆ ಕಡ್ಡಿಗಿಂತ ಮೇಲಾಗುತ್ತದೆ. ಕೆಳಗೆ ಬಗ್ಗಿ ನೋಡಿದರೆ ಕಪ್ಪೆಯ ಬೆನ್ನು ಸಿಗುತ್ತದೆ, ಕೈ ಸಿಗುವುದಿಲ್ಲ.

ಒಂದು ಉಪಾಯ ಇದೆ. ಸೂಪರ್ ಕ್ಲಾಂಪ್ ಅಂತ ಸಿಗುತ್ತದೆ. ಮ್ಯಾನ್‌ಫ್ರಾಟೊದವರ 035 ಮಾದರಿ 13ರಿಂದ 55 ಎಂಎಂ ದಪ್ಪದ ಯಾವ ಕೊಳವೆಯನ್ನೂ ಹಿಡಿಯುತ್ತದೆ. ಅದೇ ನಮೂನೆಯದ್ದನ್ನು ಬೇರೆಯವರೂ ಮಾಡುತ್ತಾರೆ. ಕ್ಲಾಂಪಿಗೆ ಬಾಲ್ ಹೆಡ್ ಕೂರಿಸಿ, ಕ್ಲಾಂಪನ್ನು ಕೋಲಿನ ಮಧ್ಯಕ್ಕೆ ಕಚ್ಚಿಸಿ. ಆಗ ಕ್ಯಾಮೆರಾ ಕೋಲಿನ ತುದಿಯಲ್ಲಲ್ಲ, ಪಕ್ಕದಲ್ಲಿ ಕೂರುತ್ತದೆ. ನೀರಿನಿಂದ ಒಂದು ಗೇಣು ಮೇಲೂ ಇಳಿಸಬಹುದು. ಕೋಲಿನ ಮೇಲ್ತುದಿಯನ್ನು ಎಡಗೈಯಲ್ಲಿ ಹಿಡಿದುಕೊಳ್ಳಬಹುದು, ಅಥವಾ ಭುಜಕ್ಕೆ ಒರಗಿಸಿಕೊಳ್ಳಬಹುದು. ಕೆಳಗೆ ನೆಲ, ಮೇಲೆ ಭುಜ, ಎರಡು ಕಡೆ ಆಸರೆ ಸಿಕ್ಕಿತು. ಹಿಂದೆ-ಮುಂದೆ ಓಲುವುದೂ ಇದರಲ್ಲಿ ಬಹಳ ಕಡಿಮೆ. ಕಾರ್ಬನ್ ಕೊಳವೆಗೆ ಮಾತ್ರ ಕ್ಲಾಂಪ್ ಬಿಗಿಯಬೇಡಿ, ಸೀಳುತ್ತದೆ. ಅಲ್ಯುಮಿನಿಯಂ ತಗೊಳ್ಳಿ ಅಂತ ನಾನು ಹೇಳಲು ಇದೂ ಕಾರಣ.

ಬಯಲುಸೀಮೆ ಓತಿ:
ಕ್ಲಾಂಪನ್ನು ಬಿದಿರಿಗೇ ಕಚ್ಚಿಸಬಹುದಲ್ಲ!

ಕಡ್ಡಿಹುಳ:
ಖಂಡಿತ ಆಗುತ್ತದೆ ಅಣ್ಣ. ಕ್ಲಾಂಪಿನ ಬಾಯಿಗೂ ಬಿದಿರಿಗೂ ನಡುವೆ ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿದರೆ ಜಾರುವುದಿಲ್ಲ. ಬಿದಿರು ಗಂಟಿನ ಹತ್ತಿರ ಗಟ್ಟಿ, ಅಲ್ಲೇ ಕಚ್ಚಿಸಬೇಕು.

ಹೊಸ ಲೆನ್ಸು:
ಕೆಳಗೆ ಮೂರು ಸಣ್ಣ ಪಾದ ಇರುವ ಮೊನೊಪಾಡ್ ನೋಡಿದೆ. ತಾನೇ ನಿಲ್ಲುತ್ತದೆ ಅಂತ ಹೇಳುತ್ತಾರೆ. ಅದು ಒಳ್ಳೆಯದಲ್ವಾ?

ಜಂಬಿಟ್ಟಿಗೆ:
ಆ ಪಾದ ವಿಡಿಯೊ ತೆಗೆಯುವವರು ಕ್ಯಾಮೆರಾ ನಿಧಾನ ತಿರುಗಿಸಲು. ಕೈ ಬಿಟ್ಟು ನಿಲ್ಲಿಸಲು ಅಲ್ಲ. ನಾನು ಒಮ್ಮೆ ಬಂಡೆ ಮೇಲೆ ಅಂಥದ್ದನ್ನು ನಿಲ್ಲಿಸಿ, ಚೀಲದಿಂದ ಬ್ಯಾಟರಿ ತೆಗೆಯಲು ತಿರುಗಿದೆ. ಕ್ಯಾಮೆರಾ ಬಂಡೆಗೆ ಬಿತ್ತು. ಲೆನ್ಸಿನ ಮುಂದಿನ ಗಾಜು ಒಡೆಯಿತು. ಮೂರು ತಿಂಗಳು ಫೋಟೊ ಇಲ್ಲ. ದಯವಿಟ್ಟು ಯಾರೂ ಮಾಡಬೇಡಿ. ಪಾಚಿಗಟ್ಟಿದ ಜಾಗದಲ್ಲಿ ಆ ಪ್ಲಾಸ್ಟಿಕ್ ಪಾದ ಜಾರುತ್ತದೆ, ಪೊದೆಗೂ ಸಿಕ್ಕಿಕೊಳ್ಳುತ್ತದೆ. ನಮ್ಮ ಕೆಲಸಕ್ಕೆ ಒಂಟಿ ರಬ್ಬರ್ ಪಾದ ಸಾಕು. ಹಳ್ಳದ ಮರಳಲ್ಲಿ ಅದು ಮೆಲ್ಲಗೆ ಹೂತುಹೋಗುತ್ತದೆ, ಫೋಕಸ್ ಕೆಡುತ್ತದೆ. ಅಲ್ಲಿ ಪ್ಲಾಸ್ಟಿಕ್ ಡಬ್ಬದ ಮುಚ್ಚಳಕ್ಕೆ ತೂತು ಮಾಡಿ ಪಾದಕ್ಕೆ ಸಿಕ್ಕಿಸಿ. ನಿಂತ ಜಾಗದಲ್ಲಿ ನಿಲ್ಲುತ್ತದೆ.

ಮಂಜಿನಹನಿ:
ಆ ಪಾದದ ಬಗ್ಗೆ ಇನ್ನೂ ಒಂದು. ಕಪ್ಪೆಗಳಿಗೆ ಚರ್ಮದ ರೋಗ ತರುವ ಕೈಟ್ರಿಡ್ ಶಿಲೀಂಧ್ರ ಪಶ್ಚಿಮ ಘಟ್ಟದಲ್ಲೂ ಪತ್ತೆಯಾಗಿದೆ. ಅದು ನೀರಲ್ಲಿ, ಒದ್ದೆ ಮಣ್ಣಲ್ಲಿ ಹರಡುತ್ತದೆ. ಒಂದು ಹಳ್ಳದ ಕೆಸರು ಕೋಲಿನ ತುದಿಯಲ್ಲೋ ಬೂಟಿನಲ್ಲೋ ಅಂಟಿಕೊಂಡು ಇನ್ನೊಂದು ಹಳ್ಳಕ್ಕೆ ಹೋಗಬಾರದು. ಮನೆಗೆ ಬಂದಮೇಲೆ ತುದಿ, ಮುಚ್ಚಳ, ಬೂಟು ಎಲ್ಲಾ ಉಜ್ಜಿ ತೊಳೆದು, ಪೂರ್ತಿ ಒಣಗಿಸಿಯೇ ಮುಂದಿನ ಹಳ್ಳಕ್ಕೆ ಇಳಿಯಿರಿ. ಕಪ್ಪೆಯನ್ನು ಕೈಯಲ್ಲಿ ಎತ್ತಿ ಚೆಂದದ ಎಲೆ ಮೇಲೆ ಇಡುವುದನ್ನಂತೂ ಯಾರೂ ಮಾಡಬಾರದು. ಮೀಸಲು ಕಾಡಿಗೆ ಹೋಗುವುದಾದರೆ ಅರಣ್ಯ ಇಲಾಖೆ ಅನುಮತಿ ಮೊದಲೇ ತಗೊಳ್ಳಿ.

ಕಾನುಮನೆ:
ನಮ್ಮ ಹಳ್ಳ ತೋಟದ ಅಂಚಿನದು ಸರ್. ಕತ್ತಲೆಕಾನಿನ ಕಡೆ ಹೋಗುವುದಿಲ್ಲ.

ಬಿದಿರು ಕೋಲಿನ ಪ್ರಯೋಗ ಮಾಡಿದೆ. ನಾಲ್ಕು ದಿನ ಬೆಳಿಗ್ಗೆ 6ಕ್ಕೆ ತೋಟಕ್ಕೆ ಹೋದೆ. ಜಿಗಿಯುವ ಜೇಡ ಒಂದರ ಕಣ್ಣು ಮೊದಲ ಸಲ ಸರಿಯಾಗಿ ಬಂತು. ಮುಂದಿನ ಎರಡು ದೊಡ್ಡ ಕಣ್ಣಿನಲ್ಲಿ ಅಡಿಕೆ ಮರಗಳ ನೆರಳು ಕಾಣುತ್ತಿದೆ! ಆದರೆ ಕಡ್ಡಿಹುಳ ಅವರು ಹೇಳಿದ ಹಾಗೇ ಅರ್ಧ ಗಂಟೆ ಆದಮೇಲೆ ಎಡಗೈ ಸೋತಿತು. ನಾಲ್ಕು ತುಂಡಿನ, ಕ್ಲಿಪ್ ಬೀಗದ ಅಲ್ಯುಮಿನಿಯಂ ಮೊನೊಪಾಡ್ ತರಿಸಿದೆ. ಸಣ್ಣ ಬಾಲ್ ಹೆಡ್, ಒಂದು ಕ್ಲಾಂಪ್. 6,000ದೊಳಗೇ ಆಯಿತು. ಬಂದಮೇಲೆ ಹೇಳುತ್ತೇನೆ.

ಬಯಲುಸೀಮೆ ಓತಿ:
ಬಿದಿರನ್ನು ಎಸೆಯಬೇಡಿ ಟೀಚರ್. ಹಗಲಿಗೆ ಅದು, ರಾತ್ರಿಗೆ ಇದು.

ಕಾನುಮನೆ:
ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು. ಜುಲೈಯಲ್ಲಿ ಹಳ್ಳ ತುಂಬಿ ಇಳಿಯಲು ಆಗಲೇ ಇಲ್ಲ. ಮಳೆ ನಾಲ್ಕು ದಿನ ಹೊಳವಾದಾಗ ಹೋದೆ. ಮನೆಯವರು ಜೊತೆಗೆ ಬಂದು ಬ್ಯಾಟರಿ ಹಿಡಿದರು. ಉಂಬಳ ಇಬ್ಬರಿಗೂ ಕಚ್ಚಿತು.

ಮೊದಲ ಎರಡು ರಾತ್ರಿ ಕಪ್ಪೆ ಕಂಡಿತು, ಕೆಲಸ ಮಾಡುವುದು ಕಾಣಲಿಲ್ಲ. ಮೂರನೇ ರಾತ್ರಿ ಕಂಡಿತು. ಕೋಲನ್ನು ಹಳ್ಳದಲ್ಲಿ ಊರಿ, ತುಪ್ಪದ ಡಬ್ಬದ ಮುಚ್ಚಳ ಸಿಕ್ಕಿಸಿ, ಮೇಲ್ತುದಿ ಭುಜಕ್ಕೆ ಒರಗಿಸಿಕೊಂಡು ಕಲ್ಲಿನ ಮೇಲೆ ಕೂತೆ. ಕ್ಯಾಮೆರಾ ಪಕ್ಕದಲ್ಲಿ ನೇತಾಡುತ್ತಿತ್ತು, ನೀರಿಗೆ ಹತ್ತಿರ. ಪರದೆ ನೋಡಿಕೊಂಡೇ ಫೋಕಸ್ ಮಾಡಿದೆ. ಸುಮಾರು 20 ನಿಮಿಷ ಕೂತಿದ್ದೆ. ಕೈ ನೋಯಲಿಲ್ಲ. ಅದು ನನಗೆ ಆಶ್ಚರ್ಯ.

ಕಪ್ಪೆ ನೀರಿನ ತಳಕ್ಕೆ ಬಗ್ಗಿ ಎರಡೂ ಕೈ ತುಂಬ ಕೆಸರು ತಗೊಂಡಿತು. ಹಿಂಗಾಲ ಮೇಲೆ ಎದ್ದು ನಿಂತು ಮೊಟ್ಟೆ ಮೇಲೆ ಹಚ್ಚಿತು. ನಮ್ಮ ಅಜ್ಜಿ ಗೋಡೆಗೆ ಮಣ್ಣು ಸಾರಿಸುತ್ತಿದ್ದ ಹಾಗೇ. ನಾನು ಮೊದಲ ಸಲ ಗುಂಡಿ ಒತ್ತಲೇ ಇಲ್ಲ, ನೋಡುತ್ತಾ ಕೂತುಬಿಟ್ಟೆ. ಮತ್ತೆ ಬಗ್ಗಿ ಎದ್ದಾಗ ತೆಗೆದೆ. ಐದು ಚಿತ್ರ ತೆಗೆದು ನಿಲ್ಲಿಸಿದೆ. ಎರಡರಲ್ಲಿ ಕಣ್ಣು ಚೂಪಾಗಿದೆ. ಒಂದರಲ್ಲಿ ಕೈಬೆರಳಿನ ಕೆಸರು ಚೂಪಾಗಿ, ಕಣ್ಣು ಸ್ವಲ್ಪ ಮಸುಕಾಗಿದೆ. ನನಗೆ ಅದೇ ಎಲ್ಲಕ್ಕಿಂತ ಇಷ್ಟ.

ಬಂದು ಕೋಲು, ಮುಚ್ಚಳ, ಬೂಟು ತೊಳೆದು ಒಲೆ ಹತ್ತಿರ ಇಟ್ಟಿದ್ದೇನೆ. ಮೂರು ದಿನದಿಂದ ಕರೆಂಟಿಲ್ಲ, ಮೊಬೈಲಿನಿಂದ ಬರೆಯುತ್ತಿದ್ದೇನೆ. ಕರೆಂಟ್ ಬಂದ ಕೂಡಲೇ ಫೋಟೊ ಹಾಕುತ್ತೇನೆ. ಎಲ್ಲರಿಗೂ ನನ್ನ ನಮಸ್ಕಾರ.

ಮಂಜಿನಹನಿ:
ಓದಿ ಕಣ್ಣು ತುಂಬಿತು ಟೀಚರ್. ಆ ಮೊಟ್ಟೆ ಗೊಂಚಲು ನೀರಿನಿಂದ ಎಷ್ಟು ಮೇಲಿತ್ತು? ಮರುದಿನ ಹೋಗಿ ನೋಡಿದಿರಾ?

ಕಾನುಮನೆ:
ಒಂದು ಗೇಣು ಮೇಲಿತ್ತು ಸರ್. ನಿನ್ನೆ ದಡದಿಂದಲೇ ನೋಡಿದೆ, ಹಳ್ಳಕ್ಕೆ ಇಳಿಯಲಿಲ್ಲ. ಕೆಸರು ಹಾಗೇ ಇದೆ.